ಜೀಪಿನೊಳಗೆ ಆರು ತಂತಿ

ಅಚ್ಚುತನ ಸ್ಟುಡಿಯೋ ಅಂದರೆ ಅವನ ಜೀಪು. ಜಾಲ್ಸೂರಿನಲ್ಲಿ ನಮ್ಮ ಪಕ್ಕದ ಮನೆಯ ಶೆಡ್ಡಿನಲ್ಲಿ ನಿಂತಿರುತ್ತದೆ. ಗಾಜು ಏರಿಸಿ, ಸಂದಿಗೆ ಹಳೆಯ ಕಂಬಳಿ ತುರುಕಿ, ಹಿಂದಿನ ಸೀಟಿನಲ್ಲಿ ಗಿಟಾರ್ ಹಿಡಿದು ಕೂತರೆ ಕೋಳಿ ಕೂಗಿದ್ದೂ ಕೇಳುವುದಿಲ್ಲವೆಂದು ಅವನ ಜಂಬ. ಬಾಡಿಗೆಗೆ ಕರೆಯಲು ಹೋದವರು ಗಾಜು ತಟ್ಟಿ ತಟ್ಟಿ, ಬೈದುಕೊಂಡು ವಾಪಸಾಗಬೇಕು. ನಾನೂ ಬೈದಿದ್ದೇನೆ.

ಹಿಂದೆ ಮದುವೆಮನೆಗಳ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದವನು. ಹುಲ್ಲು ಕತ್ತರಿಸುವ ಮೆಷಿನ್ ಎಡಗೈಯ ನರ ಕಡಿದ ಮೇಲೆ ಆ ಕೈಯಲ್ಲಿ ತೋರುಬೆರಳೊಂದೇ ಮಾತು ಕೇಳುತ್ತದೆ. ಒಂದು ಬೆರಳು ಒಂದು ಸಲಕ್ಕೆ ಒಂದೇ ತಂತಿ ಒತ್ತೀತು. ಎಲ್ಲ ತಂತಿಗಳೂ ಒಟ್ಟಿಗೆ ಮೊಳಗುವ ಆ ತುಂಬು ನಾದ, ಕಾರ್ಡ್ ಅನ್ನುತ್ತಾರಲ್ಲ, ಅದು ಹೋಯಿತು.

ಬೇರೆಯವರಾಗಿದ್ದರೆ ಗಿಟಾರನ್ನು ಮೊಳೆಗೆ ನೇತುಹಾಕುತ್ತಿದ್ದರು. ಈ ಪುಣ್ಯಾತ್ಮ ಒಂದು ತಂತಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ. ಅದನ್ನು ಇಯರ್‌ಫೋನಿನಲ್ಲಿ ಕೇಳುತ್ತಾ ಎರಡನೆಯದನ್ನು ಮೇಲೆ ಹೊದೆಸಿದ. ಆಮೇಲೆ ಮೂರನೆಯದು. ಎಲ್ಲವೂ ಒಂದೇ ಕ್ಷಣಕ್ಕೆ ಬಿದ್ದರೆ ಕಾರ್ಡ್ ಹುಟ್ಟಬೇಕು.

ಹುಟ್ಟಲಿಲ್ಲ. ಮೇಲೆ ಹೊದೆಸಿದ್ದೆಲ್ಲ ಪ್ರತಿ ಸಲವೂ ಚೂರು ತಡ. ಇಡೀ ಮಳೆಗಾಲ ಹೀಗೇ ಹೆಣಗಿದ.

"ಕೈ ಸತ್ತಿದೆ ಮಾರಾಯ. ಮನಸ್ಸು ಹೇಳಿದ್ದು ಇದಕ್ಕೆ ಮುಟ್ಟುವಾಗ ತಡ ಆಗ್ತದೆ" ಎಂದ. ಗಿಟಾರನ್ನು ಪುತ್ತೂರಿನ ಹಳೆಯ ಜೊತೆಗಾರ ರಕ್ಷಿತನಿಗೆ ಕೊಟ್ಟುಬಿಡುವುದು ಎಂದಾಯಿತು.

ರಕ್ಷಿತ ಬರುವ ಭಾನುವಾರ ಬೆಳಿಗ್ಗೆ ಅಚ್ಚುತನ ಹೆಂಡತಿ ಸೇವಂತಿ ಶೆಡ್ಡಿಗೆ ಚಾ ತಂದಳು. "ಕೊಡುದಾದ್ರೆ ಕೊಡಿ. ಒಂದು ಸಲ ನಾನು ನೋಡ್ತೇನೆ" ಎಂದು ಜೀಪು ಹತ್ತಿದಳು.

ಸೇವಂತಿ ತವರಿನಲ್ಲಿ ಅವಲಕ್ಕಿ ಕುಟ್ಟಿ ಬೆಳೆದವಳು. ಒಂದೇ ಒರಳಿಗೆ ಮೂವರು ಸರದಿಯಲ್ಲಿ ಒನಕೆ ಹಾಕುವಾಗ ಒಬ್ಬರು ತಡವಾದರೂ ಒನಕೆಗೆ ಒನಕೆ ಬಡಿಯುತ್ತದೆ. ಇಲ್ಲಿಗೆ ಬಂದ ಮೇಲೂ ಅವಳ ಒನಕೆ ಯಾರದ್ದಕ್ಕೂ ಬಡಿದದ್ದಿಲ್ಲವೆಂದು ಅತ್ತೆಯೇ ಒಪ್ಪಿದ್ದರು. ಅತ್ತೆ ಒಪ್ಪುವುದೆಂದರೆ ಸಣ್ಣ ಮಾತೇ!

ಅವಳು ಅವನ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೊದಲ ತಂತಿಯ ರೆಕಾರ್ಡಿಗೆ ಸರಿಯಾಗಿ ತೆಂಗಿನ ಚಿಪ್ಪು ತಟ್ಟಿ ಅದನ್ನೂ ಮೇಲೆ ಹೊದೆಸಿದಳು. ಹಾಕಿ ಕೇಳಿದರೆ ಚಿಪ್ಪೂ ತಡ. ಅಷ್ಟೇ ತಡ.

"ನಾನು ತಪ್ಪಲಿಲ್ಲ. ನಿಮ್ಮ ಕೈಯೂ ತಪ್ಪಲಿಲ್ಲ. ತಡ ಮಾಡುದು ಇದು" ಎಂದು ಕಿವಿಯಿಂದ ಅದನ್ನು ಕಿತ್ತು ಸೀಟಿನ ಮೇಲಿಟ್ಟಳು.

ಅದು ವಯರಿಲ್ಲದ ಇಯರ್‌ಫೋನ್. ಹೊಸ ಫೋನಿಗೆ ವಯರ್ ಸಿಕ್ಕಿಸುವ ತೂತಿಲ್ಲವೆಂದು ಕೊಂಡದ್ದು. ಫೋನ್ ಬಿಟ್ಟ ಸದ್ದು ಕಿವಿಗೆ ಬರುವಷ್ಟರಲ್ಲಿ ಚೂರು ಹಿಂದೆ ಬೀಳುತ್ತಿತ್ತು. ಪಾಪದ ಕೈ ಕಿವಿ ಕೇಳಿದ್ದಕ್ಕೆ ಸರಿಯಾಗಿಯೇ ನುಡಿಸುತ್ತಿತ್ತು.

ಅವರ ಮಗಳು ಭವಿತಾಳ ಹಳೆಯ ಫೋನು ಬಂತು, ವಯರಿನ ಇಯರ್‌ಫೋನೂ ಬಂತು. ಗಿಟಾರ್ ಒಯ್ಯಲು ಖಾಲಿ ಚೀಲ ಹಿಡಿದು ಬಂದ ರಕ್ಷಿತನನ್ನು ನಾವು ಹೊರಗೆ ಕೂರಿಸಿದೆವು. ಊಟದ ಹೊತ್ತು ಮೀರಿದರೂ ಜೀಪಿನ ಗಾಜು ಇಳಿಯಲಿಲ್ಲ.

ಕೊನೆಗೆ ಇಳಿಯಿತು. ಫೋನ್ ಹಿಡಿದ ಕೈ ಹೊರಗೆ ಬಂತು.

ಆರು ತಂತಿಗಳೂ ಒಂದೇ ಉಸಿರಿಗೆ ಮೊಳಗಿದವು. ಒಂದೇ ಬೆರಳು ಆರು ಸಲ ಹಿಂದಕ್ಕೆ ಹೋಗಿ, ಅದೇ ಕ್ಷಣವನ್ನು ಮತ್ತೆ ಮತ್ತೆ ಮುಟ್ಟಿ ಬಂದಿತ್ತು. ಇಂಥದ್ದು ನಮ್ಮ ಪಕ್ಕದ ಮನೆಯ ಶೆಡ್ಡಿನಲ್ಲಿ ಆಗುತ್ತದೆಂದು ಯಾರು ನಂಬಬೇಕು? ರಕ್ಷಿತ ಚೀಲವನ್ನು ಸದ್ದಿಲ್ಲದೆ ಮಡಚಿಟ್ಟುಕೊಂಡ.

ಅಚ್ಚುತ ನಮ್ಮನ್ನು ನೋಡಲಿಲ್ಲ. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡು ಕೂತಿದ್ದ.

"ಇದಕ್ಕೆ ಎಷ್ಟು ಬೈದೆ ನಾನು" ಎಂದ.