ಷಡ್ಡಕನ ತಪ್ಪುಗಳು

ಬಸ್ ಡಿಪೋದಲ್ಲಿ ಖಾಲಿಯಾದದ್ದು ಒಂದೇ ಒಂದು ಕಂಟ್ರೋಲರ್ ಕುರ್ಚಿ; ಪರೀಕ್ಷೆಗೆ ಕೂರುವವರು ಇಬ್ಬರು. ಒಬ್ಬ ನಮ್ಮ ಕಂಡಕ್ಟರು. ಇನ್ನೊಬ್ಬ ಅವನ ಷಡ್ಡಕ: ಹೆಂಡತಿಯ ತಂಗಿಯ ಗಂಡ, ಅದೇ ಡಿಪೋದ ಕಂಡಕ್ಟರು, ಸಾಲದ್ದಕ್ಕೆ ಪಕ್ಕದ ಮನೆಯವನು. ಷಡ್ಡಕ ಹೊಸ ಚಪ್ಪಲಿ ಕೊಂಡರೆ ಇವನ ಕಾಲಲ್ಲಿ ಬೊಬ್ಬೆ ಏಳುತ್ತಿತ್ತು. ಈಗ ಆ ಕುರ್ಚಿ ಅವನ ಪಾಲಾದರೆ ಪ್ರತಿ ಟ್ರಿಪ್ಪಿಗೂ ಅವನ ಕಿಟಕಿಯ ಮುಂದೆ ಸಹಿಗಾಗಿ ನಿಲ್ಲಬೇಕಲ್ಲ!

ಅದಕ್ಕೇ ಓದಿದ. ಎಂಥಾ ಓದು! ನಿಯಮಗಳ ಪುಸ್ತಕದಲ್ಲಿ ಮುಖ್ಯವಾದದ್ದಕ್ಕೆ ಹಳದಿ ಬಳಿದ, ಬಹಳ ಮುಖ್ಯವಾದದ್ದಕ್ಕೆ ಗುಲಾಬಿ, ಉಳಿದ ಸಾಲುಗಳು ಬೇಜಾರು ಮಾಡಿಕೊಂಡಾವೆಂದು ಹಸಿರು. ಪುಸ್ತಕ ತೆರೆದರೆ ಬೀದಿದೀಪ ನಾಚಿ ಆರಿಹೋಗಬೇಕು. ಓದಿದ್ದನ್ನೇ ಓದಿ ಓದಿ, ಕಣ್ಣು ಹಾಯಿಸಿದೊಡನೆ ಪ್ರತಿ ಸಾಲೂ ಹಳೇ ನೆಂಟನಂತೆ ನಗುತ್ತಿತ್ತು.

ಗೋಡೆಯಾಚೆ ಷಡ್ಡಕ ಪುಸ್ತಕವನ್ನು ಹೆಂಡತಿಯ ಕೈಗೆ ಕೊಟ್ಟು ಕೂರುತ್ತಿದ್ದ.

"ದಾರೀಲಿ ಬಸ್ ಕೆಟ್ಟು ನಿಂತ್ರೆ ಪ್ಯಾಸೆಂಜರ್‌ಗಳನ್ನ ಏನ್ಮಾಡ್ಬೇಕು?"

"ಇಳಿಸಿ... ತಳ್ಳಿಸ್ಬೇಕಾ?"

"ತಪ್ಪು! ಅದೇ ಟಿಕೆಟ್ಟಲ್ಲಿ ಹಿಂದೆ ಬರೋ ಬಸ್ಸಿಗೆ ಹತ್ತಿಸ್ಬೇಕು. ನಿನ್ನೆನೂ ತಪ್ಪೇ ಹೇಳಿದ್ರಿ."

ಈಚೆ ಕಂಡಕ್ಟರಿಗೆ ಹಾಲು ಕುಡಿದಷ್ಟು ಸಂತೋಷ. "ಕೇಳಿಸ್ತೇನೇ? ನಿನ್ ತಂಗಿ ಗಂಡನ ತಲೇಲಿ ಗೊಬ್ಬರಾನೂ ಇಲ್ಲ!"

"ನಿಮ್ಗೂ ನಾನು ಕೇಳ್ಲಾ?"

"ನಂಗೆಲ್ಲಾ ಗೊತ್ತಿದೆ, ಬಿಡೇ."

ಪರೀಕ್ಷೆಯ ದಿನ ಯಾರೋ ಬಸ್ಸಿನಲ್ಲಿ ಮರೆತುಹೋದ ಸಾಮಾನನ್ನು ಏನು ಮಾಡಬೇಕೆಂಬ ಪ್ರಶ್ನೆ ಬಂತು. ಉತ್ತರ ಎಡಗಡೆ ಪುಟದ ಕೆಳಗಿದೆ, ಗುಲಾಬಿ ಬಣ್ಣ, ಪಕ್ಕದಲ್ಲಿ ಚಹಾದ ಕಲೆ. ಕಲೆಯೂ ಕಂಡಿತು, ಅಕ್ಷರಗಳು ಮಾತ್ರ ಯಾವುದೋ ಸ್ಟಾಪಿನಲ್ಲಿ ಇಳಿದುಹೋಗಿದ್ದವು. ಉಳಿದ ಪ್ರಶ್ನೆಗಳಿಗೂ ಇದೇ ಗತಿ. ತಡವರಿಸದೆ ಬರೆದದ್ದು ಒಂದೇ, ಕೆಟ್ಟು ನಿಂತ ಬಸ್ಸಿನದು. ಅದೂ ಗೋಡೆಯಾಚೆಯಿಂದ ಬಂದ ಉತ್ತರವೆಂದು ಹೊಳೆದಾಗ ಅಳಿಸಿಬಿಡೋಣವೇ ಅನ್ನಿಸಿತು.

ಕುರ್ಚಿ ಷಡ್ಡಕನದಾಯಿತು. ಕಂಡಕ್ಟರು ಕಿಟಕಿಯ ಮುಂದೆ ನಿಂತು ಹಲ್ಲು ಕಡಿದ.

"ಅಷ್ಟೊಂದು ತಪ್ಪು ಹೇಳ್ತಿದ್ಯಲ್ಲೋ, ಹೆಂಗೋ ಪಾಸಾದೆ?"

"ತಪ್ಪೆಲ್ಲಾ ಮನೇಲೇ ಮುಗಿಸ್ಕೊಂಡ್ಬಿಟ್ಟೆ ಭಾವ. ಮುಂದಿನ ಪರೀಕ್ಷೆಗೆ ನೀವೂ ಅಕ್ಕನ ಕೈಗೆ ಪುಸ್ತಕ ಕೊಡಿ."

ಆ ಹೊಟ್ಟೆಯುರಿಯಲ್ಲಿ ಇಡೀ ಡಿಪೋಗೆ ಚಹಾ ಕಾಯಿಸಬಹುದಿತ್ತು. ಸಂಜೆ ಮನೆಗೆ ಬಂದವನೇ ಪುಸ್ತಕವನ್ನು ಹೆಂಡತಿಯ ಮಡಿಲಿಗೆ ಹಾಕಿದ.

"ಕೇಳೇ."

ಕೇಳಿದಳು. ತಪ್ಪು. ಮತ್ತೊಂದು ಕೇಳಿದಳು. ಅದೂ ತಪ್ಪು. ನಗು ತಡೆದುಕೊಂಡು ಪುಸ್ತಕ ಮಡಿಚಲು ಹೋದಳು.

"ಇವತ್ತಿಗೆ ಸಾಕು ಬಿಡ್ರೀ."

"ಸಾಕಂತೆ! ಮೊದಲನೇ ದಿನ ಅವನು ಎಷ್ಟು ತಪ್ಪು ಹೇಳಿದ್ದ ಅಂತ ನಿನ್ ತಂಗೀನ ಕೇಳ್ಕೊಂಡ್ ಬಾ. ಅವನಿಗಿಂತ ಒಂದಾದ್ರೂ ಜಾಸ್ತಿ ಹೇಳ್ದೆ ನಾನು ಏಳೋದಿಲ್ಲ!"