ರೂಪಾಳ ತೋಳಿನ ಸೀಮೆಸುಣ್ಣ

ಮೊನ್ನೆ ಜಯನಗರ ಫೋರ್ತ್ ಬ್ಲಾಕಿನಲ್ಲಿ ಚುರುಮುರಿ ತಿನ್ನುತ್ತಾ ನಿಂತಿದ್ದಾಗ ಗೆಳತಿ ರೂಪಾಳ ತೋಳಿನ ಮೇಲೆ ಬಿಳಿ ಪುಡಿ ಕಂಡಿತು. ಪೌಡರ್ ಅಂದುಕೊಂಡು ಒರೆಸಲು ಹೋದೆ.

"ಸೀಮೆಸುಣ್ಣ ಕಣೇ! ನಿನ್ನೆ ಇದೇ ಡ್ರೆಸ್ಸು. ಬೋರ್ಡ್ ಮೇಲೆ ಲೆಕ್ಕ ಮಾಡಿಸಿದ್ರು. ತಪ್ಪಾಯ್ತು, ಇಡೀ ಕ್ಲಾಸು ನಕ್ಬಿಡ್ತು!" ಎಂದಳು, ಬಹುಮಾನ ಬಂದವಳ ಹಾಗೆ.

ನನಗೆ ಹೊಟ್ಟೆ ಉರಿಯಿತು. ಚುರುಮುರಿಗೆ ಖಾರ ಜಾಸ್ತಿಯಾಗಿತ್ತು ಎಂದು ದಿನಚರಿಯಲ್ಲಿ ಬರೆದುಕೊಳ್ಳಬಹುದಿತ್ತು. ಅಂಥ ಸುಳ್ಳುಗಳು ಅದರಲ್ಲಿ ಬೇಕಾದಷ್ಟಿವೆ.

ನೋಡಿ, ಬಿ.ಕಾಂ. ಪದವಿ ಇರುವುದು ನನ್ನ ಹತ್ತಿರ. ಇಬ್ಬರೂ ಒಟ್ಟಿಗೇ ಸೇರಿದ್ದೆವು. ಮೊದಲ ವರ್ಷ ಮುಗಿಯುವ ಮುಂಚೆ ಕೊರೋನಾ ಬಂತು. ಆಮೇಲೆ ನನ್ನ ಕಾಲೇಜು ನಡೆದದ್ದು ಪದ್ಮನಾಭನಗರದ ನಮ್ಮ ಅಡುಗೆಮನೆ ಬಾಗಿಲಲ್ಲಿ. ನೆಟ್‌ವರ್ಕ್ ಸಿಗುತ್ತಿದ್ದುದು ಅಲ್ಲೇ. "ಪ್ರೆಸೆಂಟ್ ಮಿಸ್" ಎಂದು ಮೈಕ್ ಆರಿಸಿ, ಅಮ್ಮನಿಗೆ ಅವರೆಕಾಯಿ ಬಿಡಿಸಿಕೊಡುತ್ತಿದ್ದೆ.

ಹಾಜರಿಯಲ್ಲಿ ನನ್ನ ನಂತರದ ಹೆಸರು ರೂಪಾಳದು. ಅವಳಮ್ಮ ದುಡಿಯುತ್ತಿದ್ದ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಮುಚ್ಚಿತು. ಇವಳು ಮೆಡಿಕಲ್ ಶಾಪಿಗೆ ಸೇರಿಕೊಂಡಳು. ಮಿಸ್ ಅವಳ ಹೆಸರನ್ನು ಎರಡೆರಡು ಸಲ ಕರೆಯುತ್ತಿದ್ದರು. ಆಮೇಲೆ ಒಂದೇ ಸಲ. ಒಂದು ದಿನ ನನ್ನ ಹೆಸರಾದ ಕೂಡಲೇ, ರೂಪಾಳ ನಂತರ ಬರಬೇಕಿದ್ದ ಸಂಧ್ಯಾಳ ಹೆಸರು ಬಂತು. ಹೀಗೆ ಎಷ್ಟೋ ಹೆಸರುಗಳು ಸದ್ದಿಲ್ಲದೆ ಬಿಟ್ಟುಹೋದವು. ರೂಪಾಳ ಹೆಸರು ಬಿಟ್ಟ ದಿನ ಅತ್ತಿದ್ದೆ ಎಂದು ನನ್ನ ನೆನಪು ಹೇಳುತ್ತದೆ. ನಂಬುವುದು ಕಷ್ಟ. ಅವರೆಕಾಯಿ ಬಿಡಿಸುತ್ತಲೇ ಇದ್ದಿರಬೇಕು.

ಈ ವರ್ಷ ರೂಪಾ ಸಂಜೆ ಕಾಲೇಜಿಗೆ, ಮತ್ತೆ ಮೊದಲ ವರ್ಷಕ್ಕೇ, ಸೇರಿದ್ದಾಳೆ. ಅಂಗಡಿ ಕೆಲಸ ಮುಗಿಸಿ ಓಡುತ್ತಾಳೆ. ಅವಳಿಗೆ ಬೆಂಚಿದೆ, ಕ್ಯಾಂಟೀನಿದೆ, "ಆಂಟಿ, ನೋಟ್ಸ್ ಕೊಡಿ" ಎಂದು ರೇಗಿಸುವ ಹುಡುಗಿಯರಿದ್ದಾರೆ. ನನ್ನ ಸಹಪಾಠಿಗಳಲ್ಲಿ ಎಷ್ಟೋ ಜನರ ಮುಖವನ್ನೇ ನಾನು ಕಂಡಿಲ್ಲ.

"ಅಕೌಂಟ್ಸ್ ತಲೆಗೇ ಹತ್ತಲ್ಲ ಕಣೇ," ಎಂದಳು, ಈಗ ನಗು ಬಿಟ್ಟು. "ಫೇಲಾದ್ರೆ ಈ ಸಲಾನೂ ಬಿಟ್ಬಿಡ್ತೀನೇನೋ ಅಂತ ಭಯ. ಭಾನುವಾರ ನಿಮ್ಮನೆಗೆ ಬರ್ಲಾ? ಹೇಳ್ಕೊಡ್ತೀಯಾ?"

ಟೈಮಿಲ್ಲ ಎನ್ನುವ ಮಾತು ನಾಲಿಗೆ ತುದಿಯಲ್ಲಿತ್ತು. ಇವಳೂ ಬಿಟ್ಟರೆ ಇಬ್ಬರಿಗೂ ಕಾಲೇಜಿಲ್ಲ, ಸಮ ಸಮ ಎಂದು ಹೊಳೆದದ್ದೂ ನಿಜ. ಅಷ್ಟರಲ್ಲಿ ಅವಳು ತೋಳು ಕೊಡವಿದಳು. ಪುಡಿ ನನ್ನ ಕುರ್ತಾದ ಮೇಲೂ ಬಿತ್ತು.

"ನಮ್ಮನೇಲಿ ಬೇಡ," ಎಂದೆ.

ಅವಳ ಮುಖ ಸಣ್ಣದಾಯಿತು.

"ನಿಮ್ಮ ಕಾಲೇಜಲ್ಲೇ. ಕ್ಲಾಸಿಗೆ ಮುಂಚೆ. ಬೋರ್ಡ್ ಮೇಲೆ ನಾನು ಬರೀತೀನಿ."

"ಗೇಟಲ್ಲಿ ಯಾರು ಅಂತ ಕೇಳಿದ್ರೆ?"

"ಹೊಸ ಅಡ್ಮಿಷನ್ ಅಂತ ಹೇಳು."

ರೂಪಾ ಜೋರಾಗಿ ನಕ್ಕಳು. ನಾನು ನಗಲಿಲ್ಲ. ತಮಾಷೆಗೆ ಹೇಳಿದ್ದಲ್ಲ ಅದು.