ಮಹಡಿ ಕೋಣೆಯ ಮಿರ್ಜಾ

ಇರಾನಿನ ಕಜ್ವೀನ್ ಊರಿನ ಗ್ರಂಥಾಲಯದಲ್ಲಿ ಹಸ್ತಪ್ರತಿಗಳ ಪಟ್ಟಿ ಬರೆಯುತ್ತಿದ್ದ ಬೆಹಜತ್‌ಗೆ ಐವತ್ತನಾಲ್ಕು ವರ್ಷ. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಮನೆಯಲ್ಲಿ ಮಾತಿಗೆ ಯಾರೂ ಉಳಿಯಲಿಲ್ಲ. ಗ್ರಂಥಾಲಯದಲ್ಲೋ, ಮಾತಾಡುವಂತಿರಲಿಲ್ಲ.

ಆ ವರ್ಷ ರದ್ದಿಯ ಮೂಟೆಯೊಂದರಲ್ಲಿ ಪುಟ್ಟ ಪದ್ಯಪುಸ್ತಕ ಬಂತು. ಮುರಿದು ಮುರಿದು ಓಡುವ ಲಿಪಿ. ಬಲ್ಲವರಿಗಷ್ಟೇ ಓದಲು ಬರುವಂಥದ್ದು. ಬರೆದವರು ಕೊನೆಯಲ್ಲಿ ಯಾವನೋ ಧಣಿಯ ಹೆಸರು ಹೇಳಿ ಕೈಮುಗಿಯುವುದು ವಾಡಿಕೆ. ಇಲ್ಲಿ ಹಾಗಿರಲಿಲ್ಲ. ‘ಯಾರ ಅಪ್ಪಣೆಯಿಂದಲೂ ಅಲ್ಲ, ಯಾರಿಗಾಗಿಯೂ ಅಲ್ಲ. ರಜಬಲಿಯ ಮಗ ಸೈಫುಲ್ಲಾ ಬರೆದ’ ಎಂದಿತ್ತು. ಇಸವಿ ಲೆಕ್ಕ ಹಾಕಿದರೆ ಎಂಬತ್ತು ವರ್ಷದ ಹಿಂದಿನದು.

ಬೆಹಜತ್ ಆ ಸಾಲನ್ನು ಬಿಟ್ಟು ಏಳಲಾರದೆ ಕೂತಳು.

“ಹೆಸರು ಸಿಕ್ತಲ್ಲ ಖಾನುಮ್, ಬರೆದು ಮುಗಿಸಿ,” ಎಂದ ಮೇಲಧಿಕಾರಿ. “ಅವನೇನು ನಿಮ್ಮ ನೆಂಟನಾ?”

ಮೊದಲ ಹಾಳೆಯಲ್ಲಿ ಹಿಂದಿನ ಒಡೆಯರ ಎರಡು ಮುದ್ರೆಗಳಿದ್ದವು. ಒಂದು ಹಾಜಿ ಅಬ್ದುರ್ರಹೀಮನದು, ಇನ್ನೊಂದು ‘ಗಿಡಮೂಲಿಕೆಯ ನುಸ್ರತುಲ್ಲಾ’ನದು. ಅವಳು ಬಜಾರಿನ ಮೂಲಿಕೆ ಅಂಗಡಿಗಳ ಸಾಲಿನಲ್ಲಿ ಕೇಳುತ್ತಾ ಹೋದಳು. ಏಳನೆಯ ಅಂಗಡಿಯವನು ನಕ್ಕ.

“ನುಸ್ರತುಲ್ಲಾ ನಮ್ಮಪ್ಪ. ಹಾಜಿ ನಮ್ಮ ತಾತ. ಹಳೇ ಕಾಗದ ಎಲ್ಲ ನಾನೇ ರದ್ದಿಗೆ ಹಾಕ್ದೆ. ಬರೆದೋನು ಯಾರೋ ನನಗೇನು ಗೊತ್ತು? ನಮ್ಮ ಸೋದರತ್ತೆ ಮುನವ್ವರ್ ಇದಾಳೆ, ಅವಳನ್ನ ಕೇಳಿ. ಮಾತಿಗೆ ಜನ ಸಿಕ್ಕಿದ್ರೆ ಬಿಡೋದಿಲ್ಲ, ಹುಷಾರು!”

ಮುನವ್ವರ್‌ಗೆ ಎಂಬತ್ತೈದು. ಬೆಹಜತ್‌ಳ ಕೈಗೆ ಚಹಾ ಕೊಟ್ಟು, ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ಮೂಸಿದಳು.

“ಅಯ್ಯೋ, ಇದು ಮಹಡಿ ಮಿರ್ಜಾಂದು ಕಣೇ! ನಮ್ಮನೇಲಿ ಬಾಡಿಗೆಗಿದ್ದ. ದಿನಾ ಬೆಳಿಗ್ಗೆ ನಾನೇ ರೊಟ್ಟಿ ಕೊಟ್ಟು ಬರ್ತಿದ್ದೆ. ಪರರ ಅರ್ಜಿ, ಪರರ ಪತ್ರ ಬರೆದೂ ಬರೆದೂ ಬೆರಳು ಕೊಕ್ಕೆಯಾಗಿತ್ತು. ನನ್ನ ಹತ್ರಾನೂ ಮಾತಿಲ್ಲ, ತಲೆ ಮುಟ್ಟಿ ಕಳಿಸ್ತಿದ್ದ. ಒಂದಿನ ಬಾಗಿಲು ತೆಗೀಲಿಲ್ಲ. ಹುಡುಕ್ಕೊಂಡು ಯಾರೂ ಬರ್ಲಿಲ್ಲ. ಅಪ್ಪ ಮಣ್ಣು ಮಾಡಿಸಿ ಪುಸ್ತಕ ಇಟ್ಕೊಂಡ್ರು. ಗೋರಿಗೊಂದು ಕಲ್ಲೂ ಇಲ್ಲ.”

“ಹೆಸರು ಕೆತ್ತಿಸಲಿಲ್ವಾ?”

“ಹೆಸರು ಯಾರಿಗೆ ಗೊತ್ತಿತ್ತು ತಾಯಿ? ಬರವಣಿಗೆಯೋರನ್ನೆಲ್ಲ ಕರೆಯೋ ಹಾಗೆ ಎಲ್ಲರೂ ಮಿರ್ಜಾ ಅಂತಿದ್ರು. ಈ ಅಕ್ಷರ ನಮ್ಮನೇಲಿ ಯಾರಿಗೂ ಓದೋಕೆ ಬರ್ತಿರಲಿಲ್ಲ.”

ಬೆಹಜತ್ ಕೊನೆಯ ಪುಟ ತೆಗೆದು ಓದಿ ಹೇಳಿದಳು.

“ಸೈಫುಲ್ಲಾ,” ಎಂದಳು ಮುದುಕಿ. ಮತ್ತೊಮ್ಮೆ ಅಂದಳು. ಆಮೇಲೆ ಎರಡೂ ಕೈ ಎತ್ತಿ, ಆ ಹೆಸರು ಹಿಡಿದು ಸತ್ತವರ ಪ್ರಾರ್ಥನೆ ಹೇಳಿದಳು. ಬೆಹಜತ್ ಚಹಾ ಕೆಳಗಿಟ್ಟು ತಾನೂ ಕೈ ಎತ್ತಿದಳು.

ಹೊರಡುವಾಗ ಮುದುಕಿ ಕೇಳಿದಳು: “ಮನೇಲಿ ಯಾರಿದ್ದಾರೆ?”

“ಯಾರೂ ಇಲ್ಲ.”

“ಹಾಗಾದ್ರೆ ಗುರುವಾರ ಸಂಜೆ ಬಾ. ಸತ್ತೋರಿಗೆ ಹಲ್ವಾ ಮಾಡಿ ಹಂಚೋ ದಿನ ಅದು, ಅವನ ಹೆಸರಲ್ಲೂ ಮಾಡೋಣ.”

ಗ್ರಂಥಾಲಯದ ಪಟ್ಟಿಗೆ ಬೆಹಜತ್ ಸೈಫುಲ್ಲಾನ ಬಗ್ಗೆ ಎರಡು ಪುಟ ತುಂಬ ಬರೆದಳು. ಮೇಲಧಿಕಾರಿ ಅದನ್ನು ಎರಡು ಸಾಲಿಗೆ ಇಳಿಸಿದ. ಅವಳು ವಾದಿಸಲಿಲ್ಲ. ಹನ್ನೊಂದು ಗುರುವಾರ ಮುನವ್ವರ್‌ಳ ಒಲೆಯ ಮುಂದೆ ಕೂತು ಹಿಟ್ಟು ಹುರಿದಳು, ಬೈಸಿಕೊಂಡಳು, ನಕ್ಕಳು. ಹನ್ನೆರಡನೆಯ ವಾರ ಹೋದಾಗ ಅಂಗಳದ ತುಂಬ ಕಪ್ಪು ಬಟ್ಟೆಯ ನೆಂಟರು. ಮೂಲಿಕೆ ಅಂಗಡಿಯವನು ಕಾಣಲಿಲ್ಲ, ಮಿಕ್ಕವರಲ್ಲಿ ಯಾರಿಗೂ ಅವಳ ಗುರುತಿರಲಿಲ್ಲ. ಬಾಗಿಲಲ್ಲೇ ನಿಂತಿದ್ದು ಹಿಂತಿರುಗಿದಳು.

ಈಗ ಗುರುವಾರ ಮನೆಯಲ್ಲೇ ಹಲ್ವಾ ಮಾಡುತ್ತಾಳೆ. ತಾಯಿ, ಮುನವ್ವರ್, ಸೈಫುಲ್ಲಾ ಎಂದು ಮೂರೂ ಹೆಸರನ್ನು ಗಟ್ಟಿಯಾಗಿ ಹೇಳಿ, ನೆರೆಮನೆಗೊಂದು ತಟ್ಟೆ ಕಳಿಸಿ, ಒಬ್ಬಳೇ ಕೂತು ತಿನ್ನುತ್ತಾಳೆ.